ಪಿಸ್ತೂಲು ಮನೆಗೆ ಬರುವ ಮುಂಚೆ ಇಬ್ಬರೂ ಕ್ಲಾಸಿಗೆ ಹೋದೆವು

ನಮ್ಮ ಬೀದಿಯ ಕೊನೇ ಮನೆಗೆ ಕಳ್ಳರು ನುಗ್ಗಿದ ಮೇಲೆ ನಮ್ಮನೆಯವರು ಪಿಸ್ತೂಲು ತಗೊಳ್ಳುವ ಮಾತೆತ್ತಿದರು. ನಾವಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಇಲ್ಲಿ ಅದೇನೂ ಕಷ್ಟದ ಕೆಲಸವಲ್ಲ. ಇಬ್ಬರಿಗೂ ಗ್ರೀನ್ ಕಾರ್ಡ್ ಬಂದಿತ್ತು. ಅಂಗಡಿ ಹತ್ತು ನಿಮಿಷದ ದಾರಿ. ನಾನು ಒಂದೇ ಒಂದು ಷರತ್ತು ಹಾಕಿದೆ. "ರೀ, ಅದು ಮನೆಗೆ ಬರುವ ಮುಂಚೆ ನಾವಿಬ್ಬರೂ ಕಲೀಬೇಕು. ನೀವೊಬ್ಬರೇ ಅಲ್ಲ."

ಅವರು ಮೈಸೂರಿನಲ್ಲಿ ಬೆಳೆದವರು. ಕೋವಿಯನ್ನು ಹತ್ತಿರದಿಂದ ನೋಡಿದವರಲ್ಲ. ನಾನು ತೀರ್ಥಹಳ್ಳಿ ಕಡೆಯವಳು. ಅಜ್ಜನ ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಜೋಡುನಳಿಗೆ ಕೋವಿ ಇತ್ತು. ಅಡಿಕೆ ತೋಟಕ್ಕೆ ಮಂಗ ಬಂದರೆ, ಗದ್ದೆಗೆ ಹಂದಿ ಇಳಿದರೆ, ಒಂದು ಈಡು ಹೊಡೆದು ಬೆದರಿಸುತ್ತಿದ್ದರು. ಚುನಾವಣೆ ಬಂತೆಂದರೆ ಅದನ್ನು ಪೊಲೀಸ್ ಸ್ಟೇಷನ್ನಿಗೆ ಕೊಟ್ಟು, ಮುಗಿದ ಮೇಲೆ ವಾಪಸ್ ತರುವುದು ಅಜ್ಜನ ಕೆಲಸ. ಆ ಕೋವಿ ಎಲ್ಲಿ ಇರುತ್ತೆ ಅಂತ ಮನೆಮಂದಿಗೆಲ್ಲ ಗೊತ್ತಿತ್ತು. ಅದನ್ನು ಖಾಲಿ ಮಾಡುವುದು ಹೇಗೆ ಅಂತ ಗೊತ್ತಿದ್ದದ್ದು ಅಜ್ಜನಿಗೊಬ್ಬರಿಗೇ. ಅಜ್ಜ ತೀರಿಕೊಂಡ ವಾರ ಅದರೊಳಗೆ ತೋಟೆ ಇದೆಯೋ ಇಲ್ಲವೋ ಅಂತ ನೋಡಲು ಯಾರಿಗೂ ಧೈರ್ಯ ಬರಲಿಲ್ಲ. ಪಕ್ಕದೂರಿನವರೊಬ್ಬರು ಬಂದು ಮಡಚಿ ನೋಡಿದರು. ಎಡ ನಳಿಗೆಯಲ್ಲಿ ಒಂದು ಇತ್ತು. ನನ್ನ ಷರತ್ತು ಅಲ್ಲಿಂದ ಬಂದದ್ದು.

"ಟೆಕ್ಸಾಸ್‌ನಲ್ಲಿ ಈಗ ಲೈಸೆನ್ಸೇ ಬೇಡವಲ್ಲ, ಕ್ಲಾಸ್ ಯಾಕೆ?" ಅಂತ ಸ್ನೇಹಿತರು ಕೇಳಿದರು. ನಿಜ. 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ದಾಟಿದ, ಕಾನೂನಿನ ಅಡ್ಡಿ ಇಲ್ಲದವರು ಲೈಸೆನ್ಸ್ ಇಲ್ಲದೆಯೇ ಹ್ಯಾಂಡ್‌ಗನ್ ಇಟ್ಟುಕೊಂಡು ಓಡಾಡಬಹುದು. ಆದರೂ ರಾಜ್ಯದ ಲೈಸೆನ್ಸ್ ಪದ್ಧತಿ ಇನ್ನೂ ಇದೆ, ಅದಕ್ಕೆ ಕ್ಲಾಸು, ಪರೀಕ್ಷೆ ಮುಗಿಸಬೇಕು. ಅದಿದ್ದರೆ ಬೇರೆ ಹಲವು ರಾಜ್ಯಗಳಲ್ಲಿ ನಡೆಯುತ್ತೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ ನಡೆಯಲ್ಲ. ಶಾಲೆಯಿಂದ 1000 ಅಡಿಯೊಳಗೆ ಗನ್ ತರಬಾರದು ಅನ್ನುವ ಕೇಂದ್ರದ ಕಾನೂನಿದೆ. ಆಯಾ ರಾಜ್ಯದ ಲೈಸೆನ್ಸ್ ಇರುವವರಿಗೆ ಅದರಲ್ಲಿ ವಿನಾಯಿತಿ ಇದೆ. ಈ ಊರುಗಳಲ್ಲಿ ಎರಡು ಬೀದಿಗೊಂದು ಶಾಲೆ ಇರುವುದರಿಂದ ಅದು ಸಣ್ಣ ವಿಷಯವಲ್ಲ. ನನಗೆ ಬೇಕಾಗಿದ್ದದ್ದು ಮಾತ್ರ ಲೈಸೆನ್ಸ್ ಕಾರ್ಡಲ್ಲ, ಆ ಕ್ಲಾಸು.

ಇಲ್ಲಿ ನಮ್ಮವರಿಗೆ ಒಂದು ಮಾತು ಒತ್ತಿ ಹೇಳಬೇಕು. ಎಚ್-1ಬಿ ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಕೇಂದ್ರದ ಕಾನೂನಿನ ಪ್ರಕಾರ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ಅಂತ ಕೆಲವು ವಿನಾಯಿತಿ ಇವೆ, ಅಷ್ಟೆ. ಗುಂಡು ಹೊಡೆದು ಅಭ್ಯಾಸ ಮಾಡುವ ಶೂಟಿಂಗ್ ರೇಂಜಿಗೆ ಸುಮ್ನೆ ಮಜಾಕ್ಕೆ ಹೋಗಿ, ಬಾಡಿಗೆ ಗನ್ ಹಿಡಿದು ಫೋಟೋ ಹಾಕಿಕೊಳ್ಳುವ ಹುಡುಗರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತೆ. ಒಂದು ಫೋಟೋಕ್ಕಾಗಿ ವೀಸಾ ಕಳೆದುಕೊಳ್ಳಬೇಡಿ. ನಾವು ಗ್ರೀನ್ ಕಾರ್ಡ್ ಬರುವವರೆಗೆ ರೇಂಜಿನ ಬಾಗಿಲು ತುಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಕ್ಲಾಸು. ಮಗಳನ್ನು ಸ್ನೇಹಿತೆಯ ಮನೆಯಲ್ಲಿ ಬಿಟ್ಟು ಹೋದೆವು. ಹದಿನಾಲ್ಕು ಜನ ಇದ್ದೆವು, ಅದರಲ್ಲಿ ನಾಲ್ಕು ಜೋಡಿ. ಕಲಿಸುವವರು ನಿವೃತ್ತ ಪೊಲೀಸ್. ಬಂದ ಕೂಡಲೇ ಗಂಡ ಹೆಂಡತಿಯರನ್ನು ಬೇರೆ ಬೇರೆ ಮೇಜಿಗೆ ಕೂರಿಸಿದರು. ಒಬ್ಬರ ಮುಖ ನೋಡಿ ಇನ್ನೊಬ್ಬರು ಉತ್ತರ ಹೇಳಬಾರದು ಅಂತ. ನನಗೆ ಅದು ತುಂಬಾ ಹಿಡಿಸಿತು.

ಕಾನೂನಿನ ಪ್ರಕಾರ ಕ್ಲಾಸು ನಾಲ್ಕರಿಂದ ಆರು ಗಂಟೆ. ಬಲ ಪ್ರಯೋಗದ ಕಾನೂನು, ಗನ್ ಬಳಕೆ ಮತ್ತು ಸುರಕ್ಷತೆ, ಜಗಳವನ್ನು ಹೊಡೆದಾಟ ಇಲ್ಲದೆ ಮುಗಿಸುವುದು, ಮಕ್ಕಳ ಕೈಗೆ ಸಿಗದ ಹಾಗೆ ಇಡುವುದು, ಇವೆಲ್ಲ ಬರಬೇಕು. ಶುರುವಿನಲ್ಲಿ ಅವರು ಈ ಲೈಸೆನ್ಸ್ ಕಾನೂನು ಹೇಗೆ ಬಂತು ಅಂತ ಹೇಳಿದರು. 1991ರ ಅಕ್ಟೋಬರ್ 16ರಂದು ಟೆಕ್ಸಾಸ್‌ನ ಕಿಲೀನ್ ಊರಿನ ಲೂಬೀಸ್ ಹೋಟೆಲಿಗೆ ಒಬ್ಬಾತ ಟ್ರಕ್ ನುಗ್ಗಿಸಿ, ಗುಂಡು ಹಾರಿಸಿ 23 ಜನರನ್ನು ಕೊಂದ. ಸುಜಾನಾ ಹಪ್ ಅನ್ನುವವರು ಅಪ್ಪ ಅಮ್ಮನ ಜೊತೆ ಊಟಕ್ಕೆ ಬಂದಿದ್ದರು. ಆಗ ಗನ್ ಇಟ್ಟುಕೊಂಡು ಓಡಾಡುವುದು ಅಪರಾಧವಾಗಿದ್ದರಿಂದ ಅವರ ರಿವಾಲ್ವರ್ ಕಾರಿನಲ್ಲೇ ಇತ್ತು. ಅಪ್ಪ ಅವನ ಮೇಲೆ ಬೀಳಲು ಹೋಗಿ ಗುಂಡೇಟು ತಿಂದರು. ಅಮ್ಮ ಗಂಡನ ಹತ್ತಿರಕ್ಕೆ ತೆವಳಿಕೊಂಡು ಹೋದರು, ಅಲ್ಲೇ ಅವರನ್ನೂ ಕೊಂದ. ಹಪ್ ಮುಂದೆ ಊರೂರಲ್ಲಿ ಸಾಕ್ಷಿ ಹೇಳಿದರು, ಶಾಸಕಿಯೂ ಆದರು. 1995ರಲ್ಲಿ ಜಾರ್ಜ್ ಬುಷ್ ಗವರ್ನರ್ ಆಗಿದ್ದಾಗ ಲೈಸೆನ್ಸ್ ಕಾನೂನು ಬಂತು. ಕೇಳುತ್ತಾ ನಾನು ಆ ಕಡೆ ಮೇಜಿನಲ್ಲಿದ್ದ ನಮ್ಮನೆಯವರ ಕಡೆ ನೋಡಿದೆ. ಅವರು ಆಗಲೇ ನನ್ನನ್ನು ನೋಡುತ್ತಿದ್ದರು.

ಆಮೇಲೆ ಎಲ್ಲಿ ಒಯ್ಯಬಾರದು ಅನ್ನುವ ಪಾಠ. ಶಾಲೆ, ಕೋರ್ಟು, ಮತ ಹಾಕುವ ಜಾಗ. ಕೆಂಪು ಅಕ್ಷರದಲ್ಲಿ 51% ಅಂತ ಬೋರ್ಡ್ ಇದ್ದರೆ ಅದು ಮುಖ್ಯವಾಗಿ ಕುಡಿತದಿಂದ ನಡೆಯುವ ಜಾಗ, ಒಳಗೆ ಗನ್ ಇಲ್ಲ. 30.06 ಅಂತ, ಅದು ಕಾನೂನಿನ ಕಲಮಿನ ನಂಬರು, ಬೋರ್ಡ್ ಇದ್ದರೆ ಲೈಸೆನ್ಸ್ ಇದ್ದವರೂ ಮರೆಮಾಡಿ ಒಯ್ಯುವಂತಿಲ್ಲ. ನಮ್ಮ ಬದುಕಿಗೆ ಇದನ್ನು ಹೊಂದಿಸಿ ನೋಡಿ. ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವ ಎಷ್ಟೋ ಸಲ ಶಾಲೆಯ ಆಡಿಟೋರಿಯಂನಲ್ಲೇ ನಡೆಯುತ್ತೆ. ಭಾನುವಾರವಾದರೂ ಅದು ಶಾಲೆಯ ಕಟ್ಟಡವೇ. ದೇವಸ್ಥಾನದಲ್ಲಿ ಬೋರ್ಡ್ ಇಲ್ಲದಿದ್ದರೆ, ಯಾರೂ ಬೇಡ ಅನ್ನದಿದ್ದರೆ, 2019ರ ಕಾನೂನಿನ ಪ್ರಕಾರ ಅಡ್ಡಿಯಿಲ್ಲ. ನಾವು ಮಾತ್ರ ದೇವಸ್ಥಾನಕ್ಕೆ ಒಯ್ಯುವುದಿಲ್ಲ ಅಂತ ಅಲ್ಲೇ, ಊಟದ ಬಿಡುವಿನಲ್ಲಿ ಮಾತಾಡಿಕೊಂಡೆವು.

ಊಟದ ನಂತರ ನಮ್ಮ ಕೈಗೆ ಒಂದೊಂದು ಬಿಳಿ ಹಾಳೆ ಕೊಟ್ಟರು. "ನಿಮ್ಮ ಮನೆಯ ನಕ್ಷೆ ಬರೆಯಿರಿ. ಮಲಗುವ ಕೋಣೆ, ಮಕ್ಕಳ ಕೋಣೆ, ಬಾಗಿಲು. ರಾತ್ರಿ ಎರಡು ಗಂಟೆಗೆ ಯಾರೋ ಒಳಗೆ ಬಂದರೆ ನೀವು ಎಲ್ಲಿ ನಿಲ್ಲುತ್ತೀರಿ, ಯಾವ ಕಡೆ ಗುರಿ ಇಡುತ್ತೀರಿ ಅಂತ ಗೆರೆ ಎಳೆಯಿರಿ. ಗೆರೆ ಗೋಡೆಗೆ ನಿಲ್ಲಿಸಬೇಡಿ, ಹಾಳೆಯ ಅಂಚಿನವರೆಗೆ ಎಳೆಯಿರಿ." ಇಲ್ಲಿನ ಮನೆಗಳ ಒಳಗೋಡೆ ಇಟ್ಟಿಗೆಯದಲ್ಲ, ಜಿಪ್ಸಮ್ ಹಲಗೆಯದು. ಪಿಸ್ತೂಲಿನ ಗುಂಡು ಒಂದೆರಡು ಗೋಡೆ ದಾಟಿ ಹೋಗುತ್ತೆ. ನಾನು ಗೆರೆ ಎಳೆದೆ. ನಮ್ಮ ಮಂಚದಿಂದ ಕೋಣೆಯ ಬಾಗಿಲು, ಬಾಗಿಲಿನಿಂದ ಪಡಸಾಲೆ, ಪಡಸಾಲೆಯ ಆಚೆ ಮಗಳ ಕೋಣೆ. ಗೆರೆ ಅವಳ ಮಂಚದ ಮೇಲೆ ಹಾದು ಹೋಯಿತು. ಎದ್ದು ಹೋಗಿ ನಮ್ಮನೆಯವರ ಹಾಳೆ ನೋಡಿದೆ. ಅವರೂ ಅದೇ ಗೆರೆ ಎಳೆದು, ಪೆನ್ನು ಕೆಳಗಿಟ್ಟು ಕೂತಿದ್ದರು. ಏನೂ ಮಾತಾಡಲಿಲ್ಲ.

ಆ ಹಾಳೆಯನ್ನು ನಾವಿನ್ನೂ ಇಟ್ಟುಕೊಂಡಿದ್ದೇವೆ. ಮನೆಗೆ ಬಂದ ಮಾರನೇ ದಿನ ಮಗಳ ಮಂಚವನ್ನು ಬೇರೆ ಗೋಡೆಗೆ ಸರಿಸಿದೆವು. ರಾತ್ರಿ ಸದ್ದಾದರೆ ಏನು ಅಂತ ಇಬ್ಬರೂ ಕೂತು ತೀರ್ಮಾನ ಮಾಡಿದೆವು. ನಾನು ಹೋಗಿ ಮಗಳನ್ನು ನಮ್ಮ ಕೋಣೆಗೆ ಕರೆತರುವುದು. ಅವರು 911ಕ್ಕೆ ಫೋನ್ ಮಾಡುವುದು. ಬಾಗಿಲು ಹಾಕಿ ಮೂವರೂ ಅಲ್ಲೇ ಇರುವುದು. ಕೆಳಗೆ ಹೋಗಿ ಕಳ್ಳನನ್ನು ಹುಡುಕುವುದು ಇಲ್ಲವೇ ಇಲ್ಲ. ಟಿವಿ ಹೋದರೆ ಹೋಗಲಿ. ಇನ್ನೊಂದು, ಕೆಲಸದ ಮೇಲೆ ಬೇರೆ ಊರಿಗೆ ಹೋದವರು ಹೇಳಿದ್ದಕ್ಕಿಂತ ಮುಂಚೆ ಮನೆಗೆ ಬಂದರೆ, ಬಾಗಿಲು ತೆಗೆಯುವ ಮುಂಚೆ ಫೋನ್ ಮಾಡಬೇಕು. ಅಚ್ಚರಿ ಕೊಡುವ ಆಸೆ ನಮ್ಮ ಮನೆಯಲ್ಲಿ ಬೇಡ. ಒಬ್ಬರೇ ಕ್ಲಾಸಿಗೆ ಹೋಗಿದ್ದರೆ ಈ ಮಾತುಗಳನ್ನು ಇನ್ನೊಬ್ಬರಿಗೆ ಅರ್ಥ ಮಾಡಿಸುವುದೇ ಒಂದು ಜಗಳವಾಗುತ್ತಿತ್ತು.

ಲಿಖಿತ ಪರೀಕ್ಷೆ 25 ಪ್ರಶ್ನೆ, ನೂರಕ್ಕೆ 70 ಬಂದರೆ ಪಾಸು. ಗಮನ ಕೊಟ್ಟು ಕೂತವರಿಗೆ ಕಷ್ಟವಿಲ್ಲ.

ಗುಂಡು ಹೊಡೆಯುವ ಪರೀಕ್ಷೆ 50 ಸುತ್ತು. 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ಒಟ್ಟು 250 ಅಂಕ, 175 ಬರಬೇಕು. ಶುರುವಿನಲ್ಲಿ ಎರಡು ಸೆಕೆಂಡಿಗೆ ಒಂದರಂತೆ ಹೊಡೆಯಬೇಕು. ನಾವು ಇದಕ್ಕೂ ಮುಂಚೆ ನಾಲ್ಕು ವಾರ ಅಭ್ಯಾಸಕ್ಕೆ ಹೋಗಿದ್ದೆವು. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ. ಮೊದಲನೇ ವಾರ ನಮ್ಮನೆಯವರು ಪಕ್ಕದಲ್ಲೇ ನಿಂತು "ಕೈ ಮೇಲೆ ಮಾಡೇ, ಉಸಿರು ಹಿಡಿ" ಅನ್ನುತ್ತಿದ್ದರು. ಅವರೂ ಹೊಸಬರೇ! ನನ್ನ ಗುಂಡುಗಳೆಲ್ಲ ಬಲಕ್ಕೆ, ಕೆಳಕ್ಕೆ ಹೋದವು. ಎರಡನೇ ವಾರ ರೇಂಜಿನಲ್ಲಿ ಕಲಿಸುವ ಒಬ್ಬ ಹೆಂಗಸಿನ ಹತ್ತಿರ ಹೋದೆ. ಅವರು ನನ್ನ ಎರಡೂ ಅಂಗೈಯಿಂದ ಒಂದು ಸಣ್ಣ ಕಿಂಡಿ ಮಾಡಿಸಿ, ಅದರಲ್ಲಿ ದೂರದ ದೀಪ ನೋಡಲು ಹೇಳಿ, ಒಂದೊಂದೇ ಕಣ್ಣು ಮುಚ್ಚಿಸಿದರು. ನಾನು ಬಲಗೈಯವಳು, ಆದರೆ ಗುರಿ ಹಿಡಿಯುವುದು ನನ್ನ ಎಡಗಣ್ಣು. ತಲೆಯನ್ನು ಸ್ವಲ್ಪ ತಿರುಗಿಸಿದ್ದಷ್ಟೆ, ಗುಂಡುಗಳು ನಡುವಿಗೆ ಬಂದವು. ಹಾಗಾಗಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಜೊತೆಯಲ್ಲಿ ಹೋಗಿ, ಆದರೆ ಒಬ್ಬರಿಗೊಬ್ಬರು ಕಲಿಸಬೇಡಿ.

"ಹೆಂಗಸರಿಗೆ ಪುಟ್ಟ ಗನ್ ಸಾಕು" ಅನ್ನುವ ಮಾತನ್ನೂ ನಂಬಬೇಡಿ. ಪುಟ್ಟದು ಕೈಯಲ್ಲಿ ಜಾಸ್ತಿ ಒದೆಯುತ್ತೆ. ನಾನು ಮಧ್ಯಮ ಗಾತ್ರದ 9 ಎಂಎಂ ಬಳಸಿದೆ. ಕುತ್ತಿಗೆ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಬಿಸಿ ಖಾಲಿ ತೋಟೆ ಹಾರಿ ಬಂದು ಬಟ್ಟೆಯೊಳಗೆ ಬಿದ್ದರೆ, ಸುಟ್ಟರೂ ಸರಿ, ನಳಿಗೆ ಮುಂದಕ್ಕೇ ಇರಬೇಕು, ಕುದುರೆಯಿಂದ, ಅಂದರೆ ಟ್ರಿಗರಿನಿಂದ, ಬೆರಳು ಹೊರಗಿರಬೇಕು. ರೇಂಜಿನಿಂದ ಹೊರಡುವಾಗ ತಣ್ಣೀರಲ್ಲಿ ಸೋಪು ಹಾಕಿ ಕೈ, ಮುಖ ತೊಳೆಯಿರಿ. ಸೀಸದ ಪುಡಿ ಅಂಟಿರುತ್ತೆ. ಮನೆಗೆ ಬಂದು ಬಟ್ಟೆ ಬದಲಿಸಿದ ಮೇಲೇ ಮಗಳನ್ನು ಎತ್ತಿಕೊಳ್ಳುತ್ತಿದ್ದೆ. ಪರೀಕ್ಷೆಯಲ್ಲಿ ನನಗೆ 231 ಬಂತು, ಅವರಿಗೆ 226.

ಅರ್ಜಿಗೆ 40 ಡಾಲರ್, ಬೆರಳಚ್ಚಿಗೆ ಬೇರೆ. ಒಂದೂವರೆ ತಿಂಗಳಲ್ಲಿ ಕಾರ್ಡ್ ಬಂತು. ಪಿಸ್ತೂಲು ತಂದದ್ದು ಅದಾದ ಮೇಲೆ, ಮತ್ತು ಪಿಸ್ತೂಲಿಗಿಂತ ಮೊದಲು ತಂದದ್ದು ಗುಂಡಿ ಒತ್ತಿ ತೆಗೆಯುವ ಉಕ್ಕಿನ ಪೆಟ್ಟಿಗೆ. ಸಂಖ್ಯೆ ಇಬ್ಬರಿಗೂ ಗೊತ್ತು. ತಿಂಗಳಿಗೊಮ್ಮೆ ಒಬ್ಬರು ತೆಗೆದು ಖಾಲಿ ಮಾಡಿ ತೋರಿಸಬೇಕು, ಇನ್ನೊಬ್ಬರು ನೋಡಬೇಕು. 17 ವರ್ಷದೊಳಗಿನ ಮಗುವಿನ ಕೈಗೆ ತುಂಬಿದ ಗನ್ ಸಿಗುವ ಹಾಗೆ ಬಿಟ್ಟವರ ಮೇಲೆ ಇಲ್ಲಿ ಕೇಸಾಗುತ್ತೆ. ಕೇಸಿನ ಮಾತು ಬಿಡಿ, ಅಜ್ಜನ ಕೋವಿಯ ಎಡ ನಳಿಗೆ ನನಗೆ ಮರೆತಿಲ್ಲ.

ಊರಿಗೆ ಹೋಗುವವರು ಇದನ್ನು ಗಟ್ಟಿಯಾಗಿ ನೆನಪಿಡಿ. ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಜೇಬಿನ ಮೂಲೆಯಲ್ಲಿ ಒಂದು ಗುಂಡು ಉಳಿದು ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಸಿಕ್ಕಿದರೆ, ಇಂಡಿಯಾದ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು. ಮರೆತಿದ್ದೆ ಅಂದರೆ ಅಲ್ಲೇ ಬಿಟ್ಟು ಕಳಿಸುವುದಿಲ್ಲ. ನಮ್ಮ ರೇಂಜ್ ಚೀಲ ಕಿತ್ತಳೆ ಬಣ್ಣದ್ದು, ಅದು ಗ್ಯಾರೇಜು ಬಿಟ್ಟು ಒಳಗೆ ಬರುವುದಿಲ್ಲ.

ದಿನಾ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತೀರಾ ಅಂತ ಕೇಳುತ್ತಾರೆ. ಇಲ್ಲ. ನಾನು ಫಾರ್ಮಸಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಮೂರು ತಿಂಗಳು ಕಾರಿನಲ್ಲಿ ಒಯ್ದೆ, ಬೀಗದ ಪೆಟ್ಟಿಗೆಯ ಜೊತೆ. ಈಗ ಅದು ಮನೆಯಲ್ಲೇ. ನಮ್ಮನೆಯವರು ರಸ್ತೆಯಲ್ಲಿ ಯಾರಾದರೂ ಅಡ್ಡ ಬಂದರೆ ಹಾರ್ನ್ ಒತ್ತಿ ಬೈಯುತ್ತಿದ್ದರು. ಕ್ಲಾಸಿನ ಮೇಲೆ ಅದು ನಿಂತುಹೋಗಿದೆ. "ಗನ್ ಇರುವವನು ಸೋತು ಬರೋದು ಕಲೀಬೇಕು ಕಣೇ, ಅವರು ಹೇಳಿದ್ದು ಅದೇ ಅಲ್ವಾ" ಅನ್ನುತ್ತಾರೆ.

ಮಗಳ ಜೊತೆ ಆಡಲು ಯಾರಾದರೂ ಮಕ್ಕಳು ಬರುವುದಿದ್ದರೆ ನಾನು ಅವರ ಅಮ್ಮನಿಗೆ ಮೊದಲೇ ಫೋನ್ ಮಾಡುತ್ತೇನೆ. ನಮ್ಮ ಮನೆಯಲ್ಲಿ ಗನ್ ಇದೆ, ಪೆಟ್ಟಿಗೆಯಲ್ಲಿ ಬೀಗ ಹಾಕಿದೆ ಅಂತ ಹೇಳುತ್ತೇನೆ. ನಮ್ಮ ಮಗಳು ಅವರ ಮನೆಗೆ ಹೋಗುವಾಗ ಅದನ್ನೇ ಕೇಳುತ್ತೇನೆ. ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಕಳೆದ ತಿಂಗಳು ಹಾಸನದ ಕಡೆಯ ಒಬ್ಬರಿಗೆ ಹೀಗೆ ಕೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು. "ಇದೆ ಅಕ್ಕಾ. ಇವರು ತಂದಿಟ್ಟು ಎರಡು ವರ್ಷ ಆಯ್ತು. ಎಲ್ಲಿಟ್ಟಿದಾರೆ ಅಂತ ನನಗೆ ಗೊತ್ತಿಲ್ಲ."

ಅವತ್ತು ರಾತ್ರಿಯೇ ಅವರಿಗೆ ಕ್ಲಾಸಿನ ನಂಬರ್ ಕಳಿಸಿದೆ. ಇಬ್ಬರೂ ಹೋಗಿ ಅಂತ ಬರೆದೆ.