ಹಳೆ ರೈಲು ದಾರಿ ಹಿಡಿದು ಆರ್ಡೆಶ್ ಬೆಟ್ಟಕ್ಕೆ

ಫ್ರಾನ್ಸಿನ ಬೆಟ್ಟದ ಸೀಮೆಯಲ್ಲಿ ಗ್ರ್ಯಾವೆಲ್ ಸೈಕಲ್ (ಜಲ್ಲಿ, ಮಣ್ಣಿನ ದಾರಿಗೆಂದೇ ಮಾಡಿದ್ದು) ತುಳಿಯಬೇಕು ಅಂತ ಆಸೆ ಇರುವವರು ಮೊದಲು ಕೇಳುವುದು ಯಾವ ಸೈಕಲ್, ಯಾವ ಟೈರ್ ಅಂತ. ಅದು ಆಮೇಲೆ. ಮೊದಲು ಹಳೆಯ ರೈಲು ದಾರಿ ಎಲ್ಲಿತ್ತು ಅಂತ ಹುಡುಕಿ. ಕೆಲಸಕ್ಕೆಂದು ಲಿಯಾನ್‌ಗೆ ಬಂದಮೇಲೆ ನಾನು ಜಾಸ್ತಿ ತುಳಿದಿರುವುದು ಆರ್ಡೆಶ್ ಜಿಲ್ಲೆಯಲ್ಲಿ. ಅಲ್ಲಿ ನನ್ನ ಲೆಕ್ಕ ಒಂದೇ: ಎತ್ತರವನ್ನು ರೈಲು ದಾರಿಯಲ್ಲಿ ನಿಧಾನವಾಗಿ ಗಳಿಸುವುದು, ಮೇಲೆ ಹೋದಮೇಲೆ ಖರ್ಚು ಮಾಡುವುದು.

ಆರ್ಡೆಶ್ ಅಂದರೆ ರೋನ್ ನದಿಯ ಬಲದಂಡೆಯಿಂದ ಪಶ್ಚಿಮಕ್ಕೆ ಏರುತ್ತಾ ಹೋಗುವ ನಾಡು. ದಂಡೆಯ ಊರುಗಳು ನೂರು ಮೀಟರ್ ಎತ್ತರದಲ್ಲಿದ್ದರೆ, ಪಶ್ಚಿಮದ ಅಂಚಿನ ಮೆಜೆಂಕ್ ಬೆಟ್ಟ 1,753 ಮೀಟರ್. ನಡುವೆ ಬರೀ ಕಣಿವೆ, ಕಣಿವೆಯಾಚೆ ಏಣು, ಅದರಾಚೆ ಇನ್ನೊಂದು ಕಣಿವೆ. ಫೋನಿನ ಆ್ಯಪ್‌ಗೆ ಎರಡು ಊರಿನ ಹೆಸರು ಕೊಟ್ಟರೆ ಅದು ಕಣಿವೆಗಳನ್ನು ಅಡ್ಡ ಕತ್ತರಿಸಿ ದಾರಿ ಹಾಕಿಕೊಡುತ್ತದೆ. ದೂರ ಕಮ್ಮಿ ಕಾಣುತ್ತದೆ, ನಿಜ. ಆದರೆ ಪ್ರತಿ ಸಲವೂ ಹತ್ತಿದ್ದನ್ನೆಲ್ಲ ಇಳಿದು, ಮತ್ತೆ ಮೊದಲಿಂದ ಹತ್ತಬೇಕು. ಅದೂ ಸೈಕಲ್ ತಳ್ಳುವಷ್ಟು ಕಡಿದಾದ ದಾರಿಯಲ್ಲಿ. ಇಲ್ಲಿ ಕಿಲೋಮೀಟರ್ ಲೆಕ್ಕ ಹಿಡಿದು ಹೊರಟರೆ ಮಧ್ಯಾಹ್ನಕ್ಕೇ ಸುಸ್ತು.

ಇದಕ್ಕೆ ಉತ್ತರ ಡೋಲ್ಚೆ ವಿಯಾ. ಎರಿಯೂ ನದಿಯ ಕಣಿವೆಯಲ್ಲಿ ಒಂದು ಕಾಲಕ್ಕೆ ಮೀಟರ್ ಗೇಜ್ ರೈಲು ಓಡುತ್ತಿತ್ತು. 1968ರಲ್ಲಿ ಅದು ನಿಂತುಹೋಯಿತು. ಹಳಿ ಕಿತ್ತ ಜಾಗವೇ ಈಗ ಸೈಕಲ್ ದಾರಿ. ರೋನ್ ದಂಡೆಯ ಲಾ ವೂಲ್ತ್‌ನಿಂದ ಹೊರಟು ಲ ಶೇಲಾರ್ ಮುಟ್ಟುತ್ತದೆ. ಅಲ್ಲಿ ಕವಲೊಡೆದು ಒಂದು ಕೈ ಸ್ಯಾಂತಗ್ರೆವ್‌ಗೆ, ಇನ್ನೊಂದು ಲಾಮಾಸ್ತ್ರ್‌ಗೆ ಹೋಗುತ್ತದೆ. ಎಲ್ಲ ಸೇರಿ ಸುಮಾರು 90 ಕಿ.ಮೀ. ಬಹುಪಾಲು ಅದುಮಿದ ಸಣ್ಣ ಜಲ್ಲಿ, ಅಲ್ಲಲ್ಲಿ ಡಾಂಬರು.

ಉಗಿಬಂಡಿಗೆ ಕಡಿದಾದ ಏರು ಆಗುವುದಿಲ್ಲ ಅಲ್ವಾ? ಹಾಗಾಗಿ ಎಂಜಿನಿಯರುಗಳು ಬೆಟ್ಟದ ಮೈಯನ್ನೇ ಬಳಸಿಕೊಂಡು, ಕಮಾನು ಸೇತುವೆ ಕಟ್ಟಿ, ಸುರಂಗ ಕೊರೆದು, ಏರನ್ನು ನೂರು ಮೀಟರಿಗೆ ಮೂರು ಮೀಟರಿನ ಆಸುಪಾಸಿನಲ್ಲಿ ಹಿಡಿದಿಟ್ಟರು. ಅವರು ಪಟ್ಟ ಪಾಡು ಇವತ್ತು ನಮ್ಮ ಮೊಣಕಾಲಿನ ಪುಣ್ಯ. ಲ ಶೇಲಾರ್‌ನಿಂದ ಸ್ಯಾಂತಗ್ರೆವ್‌ಗೆ ಸುಮಾರು 600 ಮೀಟರ್ ಎತ್ತರ ಏರಬೇಕು. ಮಾತಾಡಿಕೊಂಡೇ ತುಳಿಯಬಹುದು. ಬೋರು ಹೊಡೆಯುತ್ತದೆ ಅನ್ನುವವರೂ ಇದ್ದಾರೆ. ನನಗೆ ಹಾಗನ್ನಿಸಿಲ್ಲ. ಕೆಳಗೆ ಹಣ್ಣಿನ ತೋಟ, ಆಮೇಲೆ ಕಲ್ಲು ಕಟ್ಟಿದ ಮೆಟ್ಟಿಲು ಗದ್ದೆಗಳು ಮತ್ತು ಚೆಸ್ಟ್‌ನಟ್ ತೋಪು, ಸ್ಯಾಂತಗ್ರೆವ್ ಹತ್ತಿರ ಬಂದಂತೆ ಪೈನ್ ಮರ, ತಣ್ಣನೆ ಗಾಳಿ.

ಲಿಯಾನ್‌ನಿಂದ ಹೋಗುವುದು ಸುಲಭ. ಪ್ರಾದೇಶಿಕ ರೈಲಿನಲ್ಲಿ ವಾಲಾಂಸ್ ಪಟ್ಟಣದ ನಿಲ್ದಾಣಕ್ಕೆ ಬಂದು ಇಳಿಯಿರಿ. ವೇಗದ ರೈಲುಗಳು ನಿಲ್ಲುವ ಇನ್ನೊಂದು ನಿಲ್ದಾಣ ಊರಾಚೆ ಇದೆ, ಅದು ಬೇಡ. ಅಲ್ಲಿಂದ ವಿಯಾರೋನಾ ಹಿಡಿದರೆ ಲಾ ವೂಲ್ತ್‌ಗೆ ಸಮತಟ್ಟು ದಾರಿ. ಜಿನೀವಾ ಸರೋವರದಿಂದ ಮೆಡಿಟರೇನಿಯನ್ ಕಡಲಿನವರೆಗೆ 815 ಕಿ.ಮೀ. ಹೋಗುವ ಸೈಕಲ್ ದಾರಿ ಇದು. ಕಾಲು ಬೆಚ್ಚಗಾಗಲು ಸರಿಯಾಗಿದೆ.

ನಿಜವಾದ ಗ್ರ್ಯಾವೆಲ್ ಶುರುವಾಗುವುದು ರೈಲು ದಾರಿ ಬಿಟ್ಟಮೇಲೆ. ಮನೆಯಲ್ಲಿ ಕೂತು ಮಾಡುವ ತಯಾರಿಗೆ ನಾನು ಜಾಸ್ತಿ ಹೊತ್ತು ಕೊಡುವುದೂ ಇದಕ್ಕೇ. ಐಜಿಎನ್‌ನ 1:25,000 ನಕ್ಷೆ ತೆರೆಯುತ್ತೇನೆ. ಅದು ಫ್ರಾನ್ಸಿನ ಸರ್ಕಾರಿ ನಕ್ಷೆ, ಅಂತರ್ಜಾಲದಲ್ಲಿ ಸುಮ್ನೆ ನೋಡಬಹುದು. ಕಡಿಯದ ಸಣ್ಣ ಕಪ್ಪು ಗೆರೆ ಇದ್ದರೆ ಟ್ರ್ಯಾಕ್ಟರ್ ಹೋಗುವ ದಾರಿ, ನಮಗೆ ಬೇಕಾದದ್ದು ಅದೇ. ತುಂಡು ತುಂಡು ಗೆರೆ ಇದ್ದರೆ ಕಾಲುದಾರಿ. ಸೈಕಲ್ ಹೆಗಲ ಮೇಲೆ ಬರುವ ಸಂಭವ ಜಾಸ್ತಿ. ಆಮೇಲೆ ಎತ್ತರದ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು, ನೋಡುತ್ತೇನೆ. ದಾರಿ ಆ ಗೆರೆಗಳ ಜೊತೆಜೊತೆಗೇ ಸಾಗಿದರೆ ಒಳ್ಳೆಯದು. ನೇರ ಅಡ್ಡ ಹಾಯ್ದರೆ ಅದನ್ನು ಹತ್ತುವುದಕ್ಕೂ ಇಳಿಯುವುದಕ್ಕೂ ಬಿಟ್ಟುಬಿಡುತ್ತೇನೆ. ಕೊನೆಗೆ ಅದೇ ಜಾಗದ ಉಪಗ್ರಹ ಚಿತ್ರ. ಮಣ್ಣು ಬಿಳಿಯಾಗಿ ಕಂಡರೆ ದಾರಿ ಬಳಕೆಯಲ್ಲಿದೆ, ಹಸಿರಾಗಿ ಕಂಡರೆ ಮುಳ್ಳುಪೊದೆ ಮುಚ್ಚಿದೆ.

ಕಲ್ಲಿನ ಜಾತಿಯೂ ಮುಖ್ಯ. ಆರ್ಡೆಶ್‌ನ ಉತ್ತರ ಭಾಗದಲ್ಲಿ ಗ್ರಾನೈಟ್ ಇದೆ. ಅದು ಸವೆದು ದಪ್ಪ ಮರಳಾಗುತ್ತದೆ, ಮಳೆ ಬಂದರೂ ನೀರು ಬೇಗ ಇಂಗುತ್ತದೆ. ಆದರೆ ಮರ ಕಡಿಯುವ ದೊಡ್ಡ ಯಂತ್ರಗಳು ಓಡಾಡಿದ ಕಾಡಿನ ದಾರಿಗೆ ಮಳೆಯಾದ ಮರುದಿನ ಹೋಗಬೇಡಿ. ಮೊಣಕಾಲುದ್ದದ ಗಾಡಿ ಜಾಡಿನಲ್ಲಿ ಕೆಸರು ನಿಂತಿರುತ್ತದೆ.

ಈಗ ಟೈರಿನ ಮಾತು. 45 ಮಿ.ಮೀ. ಟ್ಯೂಬ್‌ಲೆಸ್, ಗಾಳಿ ಸುಮಾರು 30 ಪಿಎಸ್‌ಐ. ಗೇರ್ ಮಾತ್ರ ಅಂಗಡಿಯವರು ಹೇಳಿದ್ದಕ್ಕಿಂತ ಸಣ್ಣದು ಹಾಕಿಸಿ. ಪೆಡಲ್ ಬಳಿಯ ಹಲ್ಲುಚಕ್ರಕ್ಕಿಂತ ಹಿಂದಿನ ಅತಿ ದೊಡ್ಡ ಹಲ್ಲುಚಕ್ರದಲ್ಲಿ ಹಲ್ಲು ಜಾಸ್ತಿ ಇರಲಿ. ಸಾಮಾನು ಹೊತ್ತು ಏಣು ಹತ್ತುವಾಗ ಅದೇ ಕಾಪಾಡುವುದು. ಬ್ರೇಕ್ ಪ್ಯಾಡ್ ಒಂದು ಜೊತೆ ಜೇಬಿನಲ್ಲಿರಲಿ. ಸುರಂಗಕ್ಕೆ ಒಂದು ದೀಪ. ಇಷ್ಟು ಸಾಕು.

ಸ್ಯಾಂತಗ್ರೆವ್ 1,050 ಮೀಟರ್ ಎತ್ತರದ ಊರು. ಇಲ್ಲಿಂದ ಮುಂದೆ ಪ್ರಸ್ಥಭೂಮಿ. ಕಣಿವೆ ದಾಟುವ ಕಾಟ ಮುಗಿಯಿತು. ಹುಲ್ಲುಗಾವಲು, ದನ, ದೂರದಲ್ಲಿ ಹಳೆಯ ಜ್ವಾಲಾಮುಖಿಗಳ ಗುಡ್ಡ. ನೈಋತ್ಯಕ್ಕೆ ತುಳಿದರೆ ಮೆಜೆಂಕ್, ಅದರಾಚೆ 1,551 ಮೀಟರಿನ ಜೆರ್ಬಿಯೇ ದ ಜೋಂ. ಅದರ ಬುಡದಲ್ಲಿ ಲ್ವಾರ್ ನದಿ ಹುಟ್ಟುತ್ತದೆ. ನೀವು ಓಡಿಸುವುದು ನೀರು ಇಬ್ಭಾಗವಾಗುವ ಜಾಗದಲ್ಲಿ. ಒಂದು ಪಕ್ಕಕ್ಕೆ ಬಿದ್ದ ಮಳೆ ಅಟ್ಲಾಂಟಿಕ್‌ಗೆ, ಇನ್ನೊಂದು ಪಕ್ಕದ್ದು ಮೆಡಿಟರೇನಿಯನ್‌ಗೆ. ದನದ ಬೇಲಿಯ ಗೇಟು ಸಿಕ್ಕರೆ ತೆಗೆದು, ದಾಟಿ, ಮುಚ್ಚಿ. ಚಳಿಗಾಲದಲ್ಲಿ ಇಲ್ಲಿ ಬ್ಯೂರ್ಲ್ ಅನ್ನುವ ಉತ್ತರದ ಗಾಳಿ ಹಿಮವನ್ನು ಹೊತ್ತು ರಸ್ತೆಗೆ ರಾಶಿ ಹಾಕುತ್ತದೆ. ನಾನು ಹೋಗುವುದು ಮೇ ಕೊನೆಗೆ, ಜೂನ್‌ನಲ್ಲಿ, ಇಲ್ಲವೇ ಸೆಪ್ಟೆಂಬರ್‌ನಲ್ಲಿ.

ಸ್ಯಾಂತಗ್ರೆವ್‌ನಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಶಾಂಬೋಂ-ಸೂರ್-ಲಿನ್ಯೋಂ ಇದೆ. ಎರಡನೇ ಮಹಾಯುದ್ಧದಲ್ಲಿ ಈ ಊರು ಮತ್ತು ಸುತ್ತಲಿನ ಹಳ್ಳಿಯವರು ಸಾವಿರಾರು ಯಹೂದಿಗಳನ್ನು ಮನೆಗಳಲ್ಲಿ ಅಡಗಿಸಿ ಉಳಿಸಿದರು. ಓಡಿಬಂದವರಲ್ಲಿ ಬಹಳ ಜನ ಇಳಿದದ್ದು ಇದೇ ಮೀಟರ್ ಗೇಜ್ ರೈಲಿನಿಂದ, ಆಗ ಅದರ ದಾರಿ ಸ್ಯಾಂತಗ್ರೆವ್‌ನಿಂದ ಮುಂದೆ ಈ ಊರಿನ ಮೂಲಕವೂ ಹೋಗುತ್ತಿತ್ತು. ಊರಿನಲ್ಲಿ ಇದರ ಸ್ಮಾರಕ ಸಂಗ್ರಹಾಲಯವಿದೆ. ಸೈಕಲ್ ಹೊರಗೆ ಕಟ್ಟಿ ಒಳಗೆ ಹೋಗಿ ಬನ್ನಿ, ಅರ್ಧ ದಿನ ಹೋದರೂ ಚಿಂತೆಯಿಲ್ಲ.

ಊಟದ್ದು ಸ್ವಲ್ಪ ಗಮನ ಕೊಡಬೇಕು. ಹಳ್ಳಿ ಅಂಗಡಿಗಳು ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕುತ್ತವೆ. ಸೋಮವಾರವಂತೂ ಬಹಳ ಕಡೆ ತೆರೆಯುವುದೇ ಇಲ್ಲ. ಬೆಳಗ್ಗೆಯೇ ಬ್ರೆಡ್ಡು, ಪಿಕೊದೋಂ ಅನ್ನುವ ಪುಟ್ಟ ಮೇಕೆ ಹಾಲಿನ ಚೀಸ್ ಕಟ್ಟಿಸಿಕೊಳ್ಳಿ. ಸಸ್ಯಾಹಾರಿಗಳಿಗೆ ಕ್ರಿಕ್ ಸಿಗುತ್ತದೆ. ತುರಿದ ಆಲೂಗಡ್ಡೆಯನ್ನು ಬಾಣಲೆಗೆ ತಟ್ಟಿ ಕೆಂಪಗೆ ಬೇಯಿಸಿದ್ದು, ನಮ್ಮ ಅಕ್ಕಿ ರೊಟ್ಟಿಯ ಹಾಗೆ ಅಂಚು ಗರಿಗರಿ. ಕೆಲವರು ಮೊಟ್ಟೆ ಹಾಕುತ್ತಾರೆ, ಕೇಳಿಕೊಳ್ಳಿ. ನೀರು ಬೇಕಾದರೆ ಊರಿನ ಸ್ಮಶಾನ ಹುಡುಕಿ. ತಮಾಷೆಯಲ್ಲ. ಗೋರಿಗಳ ಮೇಲಿನ ಹೂವಿನ ಕುಂಡಕ್ಕೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ. ಕುಡಿಯುವ ನೀರಲ್ಲ ಅಂತ ಫಲಕ ಇದೆಯಾ ನೋಡಿ, ಇಲ್ಲದಿದ್ದರೆ ಬಾಟಲಿ ತುಂಬಿಸಿ.

ಸೆಪ್ಟೆಂಬರ್‌ನಿಂದ ಬೇಟೆಯ ಕಾಲ. ಬೇಟೆ ನಡೆಯುತ್ತಿದೆ ಅನ್ನುವ ಫಲಕ ಕಂಡರೆ ನಾನು ವಾದಕ್ಕಿಳಿಯದೆ ಬೇರೆ ದಾರಿ ಹಿಡಿಯುತ್ತೇನೆ. ಆ ತಿಂಗಳುಗಳಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕುವುದು ಅಭ್ಯಾಸವಾಗಿದೆ. ಎದುರಿಗೆ ಯಾರೇ ಬಂದರೂ ವೇಗ ಇಳಿಸಿ ಬೊಂಜೂರ್ ಹೇಳಿ. ಹೇಳದೆ ಹೋದರೆ ಹಳ್ಳಿ ಅಜ್ಜಂದಿರಿಗೆ ನಿಜಕ್ಕೂ ಬೇಜಾರಾಗುತ್ತದೆ.

ಇಳಿಯುವಾಗ ನಾನು ಬಂದ ದಾರಿಯಲ್ಲಿ ವಾಪಸ್ಸು ಹೋಗುವುದಿಲ್ಲ. ಸ್ಯಾಂತಗ್ರೆವ್‌ನಿಂದ ಪೂರ್ವಕ್ಕೆ ಏಣಿನ ಮೇಲಿನ ಕಾಡುದಾರಿ ಹಿಡಿದು ಲಾಮಾಸ್ತ್ರ್ ಕಡೆ ಇಳಿಯುತ್ತೇನೆ. ಒಟ್ಟು ಪ್ರವಾಸದಲ್ಲಿ ಅತಿ ಖುಷಿ ಕೊಡುವ ತುಂಡು ಇದು. ಸಡಿಲ ಕಲ್ಲು, ಚೂಪು ತಿರುವು. ಹಿಂದಿನ ಬ್ರೇಕನ್ನೇ ಎಳೆದು ಹಿಡಿಯದೆ ಎರಡನ್ನೂ ಬಿಟ್ಟು ಬಿಟ್ಟು ಒತ್ತಬೇಕು. ಲಾಮಾಸ್ತ್ರ್‌ನಲ್ಲಿ ಮತ್ತೆ ರೈಲು ದಾರಿ ಸಿಗುತ್ತದೆ. ಸುಸ್ತಾದ ಕಾಲಿಗೆ ಅದರ ಮೆಲ್ಲನೆಯ ಏರು ಒಗ್ಗುತ್ತದೆ. ನೋನಿಯೇರ್ ಹಾದು ಲ ಶೇಲಾರ್, ಅಲ್ಲಿಂದ ಲಾ ವೂಲ್ತ್‌ವರೆಗೂ ಬರೀ ಇಳಿತ.

ಭಾನುವಾರ ಸಂಜೆ ಲಿಯಾನ್ ಕಡೆಯ ರೈಲಿನಲ್ಲಿ ಸೈಕಲ್ ನೇತುಹಾಕುವ ಕೊಕ್ಕೆಗಳೆಲ್ಲ ತುಂಬಿರುತ್ತವೆ. ಅದಕ್ಕೇ ನಾನು ಶುಕ್ರವಾರ ರಜೆ ಹಾಕಿ, ಭಾನುವಾರ ಮಧ್ಯಾಹ್ನದ ರೈಲಿಗೇ ಹತ್ತಿಬಿಡುತ್ತೇನೆ.