ಅಗ್ಗವಾಗಿ ಬಿದ್ದಿರುವ ಸಣ್ಣ ಚಿನ್ನದ ಗಣಿ ಷೇರಿನತ್ತ ಹೂಡಿಕೆದಾರರು ತಿರುಗಿ ನೋಡಬೇಕಾದರೆ

ಕೆನಡಾದ ಟಿಎಸ್‌ಎಕ್ಸ್ ವೆಂಚರ್ ಷೇರುಪೇಟೆಯಲ್ಲಿ ಖನಿಜ ಹುಡುಕುವ ಸಣ್ಣ ಕಂಪನಿಗಳು ನೂರಾರು. ‘ನಮ್ಮ ಷೇರು ಅಗ್ಗ’ ಎಂದರೆ ಅಲ್ಲಿ ಯಾರೂ ಕಿವಿಗೊಡುವುದಿಲ್ಲ. ಅಂಥ ಕಂಪನಿ ನಡೆಸುವವರು ನೀವಾದರೆ, ಎಷ್ಟು ಅಗ್ಗ ಎಂಬುದನ್ನು ಲೆಕ್ಕದಲ್ಲಿ ತೋರಿಸಬೇಕು.

ಮೊದಲು ಔನ್ಸ್ ಲೆಕ್ಕ ಮಾಡಿ. 12 ಕೋಟಿ ಷೇರುಗಳಿದ್ದು ಬೆಲೆ 20 ಸೆಂಟ್ ಆಗಿದ್ದರೆ ಮಾರುಕಟ್ಟೆ ಮೌಲ್ಯ 2.4 ಕೋಟಿ ಡಾಲರ್. ಸಾಲವಿದ್ದರೆ ಕೂಡಿಸಿ, ಕೈಯಲ್ಲಿರುವ 40 ಲಕ್ಷ ನಗದು ಕಳೆಯಿರಿ. ಸಾಲವಿಲ್ಲದಿದ್ದರೆ ಉಳಿದದ್ದು 2 ಕೋಟಿ. ನಿಕ್ಷೇಪ 10 ಲಕ್ಷ ಔನ್ಸ್ ಇದ್ದರೆ ಔನ್ಸಿಗೆ 20 ಡಾಲರ್. ಇದನ್ನು ಅದೇ ದೇಶದ, ಅದೇ ಹಂತದ, ಅದೇ ಬಗೆಯ ಅದಿರಿನ ಕಂಪನಿಗಳ ಪಕ್ಕದಲ್ಲಿಡಿ. ಮೇಲ್ಮೈಯಲ್ಲೇ ತೋಡುವ ಗಣಿಯನ್ನು ಆಳದ ಸುರಂಗದ ಗಣಿಗೆ ಹೋಲಿಸಿದರೆ ತಿಳಿದವರು ಅಲ್ಲಿಗೇ ಎದ್ದು ಹೋಗುತ್ತಾರೆ.

ಬಹಳ ಮಂದಿ ಎಡವುವ ಜಾಗವೊಂದಿದೆ. ಹೆಚ್ಚು ಪುರಾವೆಯಿರುವ ಮೆಜರ್ಡ್ ಮತ್ತು ಇಂಡಿಕೇಟೆಡ್ ನಿಕ್ಷೇಪದ ಜೊತೆ ಕಡಿಮೆ ಪುರಾವೆಯ ಇನ್ಫರ್ಡ್ ನಿಕ್ಷೇಪವನ್ನು ಕೂಡಿಸಿ ಒಂದೇ ದೊಡ್ಡ ಸಂಖ್ಯೆ ತೋರಿಸುವುದನ್ನು ಗಣಿ ಮಾಹಿತಿ ಪ್ರಕಟಣೆಗಿರುವ ಕೆನಡಾದ ಎನ್‌ಐ 43-101 ನಿಯಮ ನಿಷೇಧಿಸುತ್ತದೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಕೊಡಿ. ಇಂಡೊನೇಷ್ಯಾದ ಬುಸಾಂಗ್‌ನ ಮಾದರಿಗಳಿಗೆ ಚಿನ್ನ ಬೆರೆಸಿದ್ದ ಬ್ರೆ-ಎಕ್ಸ್ ಎಂಬ ಕೆನಡಾದ ಕಂಪನಿಯ ಮೋಸ 1997ರಲ್ಲಿ ಬಯಲಾಯಿತು. ಆ ಪೆಟ್ಟಿನಿಂದಲೇ ಈ ನಿಯಮ 2001ರಲ್ಲಿ ಜಾರಿಗೆ ಬಂತು. ಹೂಡಿಕೆದಾರರ ಅನುಮಾನಕ್ಕೆ ಬೇರು ಅಲ್ಲಿದೆ, ಅದನ್ನು ಗೌರವಿಸಿ.

ಡ್ರಿಲ್ಲಿಂಗ್ ಫಲಿತಾಂಶದ ಪ್ರಕಟಣೆಯೇ ನಿಮ್ಮ ನಿಜವಾದ ಜಾಹೀರಾತು. ‘24 ಮೀಟರ್, ಟನ್ನಿಗೆ 5 ಗ್ರಾಂ’ ಎಂಬ ಶೀರ್ಷಿಕೆ ಚೆಂದ ಕಾಣುತ್ತದೆ. ಆದರೆ ಅದರೊಳಗೆ 110 ಗ್ರಾಂ ಇರುವ ಒಂದು ಮೀಟರ್ ಇದ್ದರೆ, 24ನ್ನು 5ರಿಂದ ಗುಣಿಸಿದಾಗ ಬರುವ 120ರಲ್ಲಿ 110 ಅಲ್ಲೇ ಮುಗಿಯಿತು. ಮಿಕ್ಕ 23 ಮೀಟರಿನ ಸರಾಸರಿ ಬರೀ 0.43 ಗ್ರಾಂ. ಓದುವವರು ಈ ಭಾಗಾಕಾರವನ್ನು ಎರಡೇ ನಿಮಿಷದಲ್ಲಿ ಮಾಡುತ್ತಾರೆ, ಒಮ್ಮೆ ಕಳೆದುಹೋದ ನಂಬಿಕೆ ಮುಂದಿನ ಒಳ್ಳೆಯ ಫಲಿತಾಂಶವನ್ನೂ ನುಂಗುತ್ತದೆ. ಆದ್ದರಿಂದ ಶ್ರೀಮಂತ ತುಣುಕನ್ನು ಬೇರೆಯಾಗಿ ತೋರಿಸಿ, ಕೊರೆದ ಉದ್ದದ ಜೊತೆ ಅದಿರಿನ ನಿಜವಾದ ಅಗಲ ಬರೆಯಿರಿ, ಅಡ್ಡಸೀಳಿನ ನಕ್ಷೆ ಹಾಕಿ, ಏನೂ ಸಿಗದ ರಂಧ್ರಗಳನ್ನೂ ಪಟ್ಟಿಯಲ್ಲಿ ಸೇರಿಸಿ. ಪರೀಕ್ಷೆ ಸರಿಯಾಗಿದೆಯೇ ಎಂದು ತಾಳೆ ನೋಡಲು ಪ್ರಯೋಗಾಲಯಕ್ಕೆ ಚಿನ್ನವಿಲ್ಲದ ಖಾಲಿ ಮಾದರಿ, ಚಿನ್ನದ ಪ್ರಮಾಣ ಮೊದಲೇ ಗೊತ್ತಿರುವ ಪ್ರಮಾಣಿತ ಮಾದರಿ, ಅದೇ ಮಾದರಿಯ ಎರಡನೇ ಪ್ರತಿ ಇವನ್ನು ಹೇಗೆ ಸೇರಿಸಿ ಕಳಿಸಿದಿರಿ ಎಂಬ ವಿವರವೂ ಇರಲಿ.

ಮೊದಲ ಬಾರಿಗೆ ನಿಕ್ಷೇಪದ ಅಂದಾಜು ಪ್ರಕಟಿಸಿದರೆ 45 ದಿನಗಳೊಳಗೆ ತಾಂತ್ರಿಕ ವರದಿ ಸಲ್ಲಿಸಬೇಕು.

ಷೇರು ಹಂಚಿಕೆಯ ಕ್ಯಾಲೆಂಡರ್ ಗೋಡೆಯ ಮೇಲಿರಲಿ. ಖಾಸಗಿಯಾಗಿ ಮಾರಿದ ಷೇರುಗಳಿಗೆ ಸಾಮಾನ್ಯವಾಗಿ ನಾಲ್ಕು ತಿಂಗಳ ಮರುಮಾರಾಟ ತಡೆ ಇರುತ್ತದೆ. ಅದು ಮುಗಿದ ವಾರ ಷೇರು ಮಾರಿ ವಾರಂಟ್ (ಮುಂದೆ ಗೊತ್ತಾದ ಬೆಲೆಗೆ ಷೇರು ಕೊಳ್ಳುವ ಹಕ್ಕು) ಮಾತ್ರ ಇಟ್ಟುಕೊಳ್ಳುವವರು ಹೊರಬರುತ್ತಾರೆ, ಬೆಲೆ ಕುಸಿಯುತ್ತದೆ. ಹಾಗೆಂದು ಮಹತ್ವದ ಫಲಿತಾಂಶವನ್ನು ಆ ವಾರಕ್ಕೆಂದು ಬಚ್ಚಿಡುವಂತಿಲ್ಲ, ಕೂಡಲೇ ಪ್ರಕಟಿಸಬೇಕು. ನಿಮ್ಮ ಕೈಯಲ್ಲಿರುವುದು ಡ್ರಿಲ್ಲಿಂಗ್ ಯಾವಾಗ ಶುರು ಮಾಡಬೇಕು ಎಂಬುದಷ್ಟೇ.

ಮಾರ್ಚ್‌ನಲ್ಲಿ ಟೊರೊಂಟೊದಲ್ಲಿ ನಡೆಯುವ ಪಿಡಿಎಸಿ ಎಂಬ ಗಣಿ ಉದ್ಯಮದ ಸಮಾವೇಶದಲ್ಲಿ ಮಳಿಗೆ ಹಾಕಿ ಕಾಯುತ್ತಾ ಕೂರಬೇಡಿ. ವಾರಗಳ ಮೊದಲೇ ಫಂಡ್ ವ್ಯವಸ್ಥಾಪಕರ ಭೇಟಿ ಗೊತ್ತುಮಾಡಿ. ಹದಿನೈದು ಪುಟಗಳ ಪ್ರಸ್ತುತಿ ಸಾಕು, ಷೇರು, ವಾರಂಟ್, ನಗದಿನ ವಿವರ ಮೊದಲ ಪುಟಗಳಲ್ಲೇ ಬರಲಿ. ನಿರ್ದೇಶಕರು ಸ್ವಂತ ಹಣದಿಂದ ಮಾರುಕಟ್ಟೆಯಲ್ಲಿ ಕೊಂಡ ಷೇರುಗಳಿದ್ದರೆ ತೋರಿಸಿ. ಯಾವ ಕರಪತ್ರಕ್ಕಿಂತಲೂ ಅದಕ್ಕೆ ತೂಕ ಹೆಚ್ಚು.

ಹಣ ಕೊಟ್ಟು ಪ್ರಚಾರ ಮಾಡಿಸಿದರೆ ಒಪ್ಪಂದ, ಮೊತ್ತ ಎರಡನ್ನೂ ಪ್ರಕಟಿಸಬೇಕು. ಅಂಥ ಪ್ರಚಾರಕರಿಗೆಲ್ಲ ಸೇರಿ 12 ತಿಂಗಳಲ್ಲಿ ಕೊಡುವ ಷೇರು ಆಯ್ಕೆಗಳು (ಸ್ಟಾಕ್ ಆಪ್ಷನ್) ಒಟ್ಟು ಷೇರಿನ ಶೇ 2ನ್ನು ಮೀರುವಂತಿಲ್ಲ. ಪ್ರಚಾರ ನಿಂತ ದಿನ ವಹಿವಾಟೂ ಬತ್ತುವುದು ಮಾಮೂಲು.

ಪ್ರಕಟಣೆ ಹೊರಟ ದಿನ ಮುಖ್ಯಸ್ಥರು ನಕ್ಷೆ ಮುಂದಿಟ್ಟುಕೊಂಡು ಫೋನ್ ಎತ್ತಬೇಕು. ಪ್ರಕಟಣೆಯಲ್ಲಿಲ್ಲದ ಮಹತ್ವದ ಸಂಗತಿ ಕೇಳಿದರೆ, ಕೇಳಿದವರು ಎಷ್ಟೇ ದೊಡ್ಡ ಷೇರುದಾರರಾಗಿರಲಿ, ‘ಅದನ್ನು ಇನ್ನೂ ಪ್ರಕಟಿಸಿಲ್ಲ, ಹೇಳುವಂತಿಲ್ಲ’ ಎಂದು ಅಲ್ಲಿಗೇ ನಿಲ್ಲಿಸಿ.