ಆಕ್ಸಿಜನ್ ಸೆನ್ಸರ್ ಬದಲಾಯಿಸುವ ಮೊದಲು ಕಪ್ಲರ್ ಬಿಚ್ಚಿ ನೋಡಿ

ತೀರ್ಥಹಳ್ಳಿಯಲ್ಲಿ ಮಳೆ ಹಿಡಿದರೆ ನನ್ನ ಗ್ಯಾರೇಜಿಗೆ ಒಂದೇ ಥರದ ದೂರು ಬರುತ್ತದೆ. ಎಂಜಿನ್ ಲೈಟ್ ಆರುತ್ತಿಲ್ಲ, ಮೈಲೇಜ್ ಬಿದ್ದಿದೆ, ಸೈಲೆನ್ಸರಿನಲ್ಲಿ ಪೆಟ್ರೋಲ್ ವಾಸನೆ. ‘ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕಿಬಿಡಿ’ ಅಂತ ಬೈಕ್ ತಂದವರೇ ಹೇಳಿಬಿಡುತ್ತಾರೆ. ಸುಮ್ನೆ ಯಾಕೆ ದುಡ್ಡು ಹಾಳು ಮಾಡಬೇಕು? ಮೊದಲು ಅದರ ಕೆಲಸ ಏನು ಅಂತ ತಿಳಿಯೋಣ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಸ ಹೊಗೆ ಮಾಲಿನ್ಯ ನಿಯಮದ) ಬೈಕುಗಳಲ್ಲಿ ಈ ಸೆನ್ಸರ್ ಸಾಮಾನ್ಯ. ಎಂಜಿನ್ನಿಂದ ಬರುವ ಬೆಂಡ್ ಪೈಪಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಹಾಗೆ ಕೂತಿರುತ್ತದೆ. ಒಳಗೆ ಜಿರ್ಕೋನಿಯಾ ಎಂಬ ಸೆರಾಮಿಕ್. ಅದರ ಒಂದು ಬದಿಗೆ ಹೊಗೆ ತಾಗುತ್ತದೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಎರಡರ ಆಕ್ಸಿಜನ್ ವ್ಯತ್ಯಾಸದಿಂದ ವೋಲ್ಟೇಜ್ ಹುಟ್ಟುತ್ತದೆ. ಪೆಟ್ರೋಲ್ ಜಾಸ್ತಿ ಇದ್ದರೆ ಸುಮಾರು 0.8 ವೋಲ್ಟ್, ಗಾಳಿ ಜಾಸ್ತಿ ಇದ್ದರೆ 0.1ರ ಆಸುಪಾಸು. ಅದನ್ನು ನೋಡಿ ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಸೆನ್ಸರ್ ಸುಮಾರು 300 ಡಿಗ್ರಿಗೆ ಕಾಯದೆ ಕೆಲಸ ಮಾಡುವುದಿಲ್ಲ. ಅದಕ್ಕೇ ಹಲವು ಸೆನ್ಸರುಗಳ ಒಳಗೆ ಹೀಟರ್ ಇರುತ್ತದೆ.

ಈಗ ಪರೀಕ್ಷೆ. ಬೆಂಡ್ ಪೈಪ್ ಎಂಜಿನ್ನಿಗೆ ಸೇರುವ ಜಾಗದಲ್ಲಿ ಕಪ್ಪು ಮಸಿ ಇದೆಯಾ? ಹಾಗಿದ್ದರೆ ಆ ಸಂದಿ ಮುಚ್ಚುವ ಗ್ಯಾಸ್ಕೆಟ್ ಸೋರುತ್ತಿದೆ. ಅಲ್ಲಿಂದ ಗಾಳಿ ಎಳೆದರೆ ಸೆನ್ಸರ್ ‘ಪೆಟ್ರೋಲ್ ಸಾಲದು’ ಅನ್ನುತ್ತದೆ, ಇಸಿಯು ಇನ್ನಷ್ಟು ಸುರಿಯುತ್ತದೆ. ಸೆನ್ಸರಿನ ತಪ್ಪೇ ಇಲ್ಲ, ಅಲ್ವಾ? ಒದ್ದೆಯಾದ ಏರ್ ಫಿಲ್ಟರನ್ನೂ ನೋಡಿ. ಆಮೇಲೆ ಕಪ್ಲರ್, ಅಂದರೆ ಸೆನ್ಸರಿನ ವೈರ್ ಬೈಕಿನ ವೈರಿಂಗಿಗೆ ಸೇರುವ ಪ್ಲಗ್, ಬಿಚ್ಚಿ. ಆಗುಂಬೆ ಘಾಟಿಯಲ್ಲಿ ದಿನಾ ಓಡಾಡುವ ಬೈಕುಗಳಲ್ಲಿ ಪಿನ್ನಿಗೆ ಹಸಿರು ಕಿಲುಬು ಹಿಡಿದಿರುವುದನ್ನು ನಾನು ತುಂಬಾ ನೋಡುತ್ತೇನೆ. ಮೆತ್ತಗೆ ಉಜ್ಜಿ, ಒಣಗಿಸಿ. ಗ್ರೀಸ್ ಮಾತ್ರ ತುಂಬಬೇಡಿ. ಹೊರಗಿನ ಗಾಳಿ ಬಹಳ ಸೆನ್ಸರುಗಳಲ್ಲಿ ವೈರಿನ ಎಳೆಗಳ ಸಂದಿಯಿಂದಲೇ ಒಳಗೆ ಹೋಗುತ್ತದೆ. ಗ್ರೀಸ್ ಆ ದಾರಿಯನ್ನು ಮುಚ್ಚುತ್ತದೆ. ವೈರನ್ನು ಬೆಸುಗೆ ಹಾಕಿದರೂ ಅದೇ ತೊಂದರೆ.

ನಾಲ್ಕು ವೈರಿನದಾದರೆ ಎರಡು ಹೀಟರಿನವು, ಸಾಮಾನ್ಯವಾಗಿ ಒಂದೇ ಬಣ್ಣದವು. ಮಲ್ಟಿಮೀಟರಿನಲ್ಲಿ ಕೆಲವು ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಹೀಟರ್ ಸುಟ್ಟಿದೆ, ಹೊಸದೇ ಬೇಕು.

ಕೊಳ್ಳುವಾಗ ಪಾರ್ಟ್ ನಂಬರ್ ಹಿಡಿದೇ ಕೇಳಿ. ಬೈಕುಗಳಲ್ಲಿ 12 ಮಿಮೀ ತ್ರೆಡ್ ಹೆಚ್ಚು, ಕಾರಿನದು ಸಾಮಾನ್ಯವಾಗಿ 18. ವೈರಿನ ಸಂಖ್ಯೆ, ತುದಿಯ ಉದ್ದ, ಕಪ್ಲರ್ ಎಲ್ಲವೂ ಹಳೆಯದರಂತೆಯೇ ಇರಬೇಕು. ಟೈಟಾನಿಯಾ ಸೆನ್ಸರ್ ಬರುವ ಬೈಕೂ ಇವೆ. ಅದು ವೋಲ್ಟೇಜ್ ಕೊಡುವುದಿಲ್ಲ, ರೆಸಿಸ್ಟೆನ್ಸ್ ಬದಲಿಸುತ್ತದೆ. ಅದರ ಜಾಗಕ್ಕೆ ಜಿರ್ಕೋನಿಯಾ ನಡೆಯುವುದಿಲ್ಲ. ಬಾಷ್, ಎನ್‌ಟಿಕೆ, ಡೆನ್ಸೊದಂಥ ಸೆನ್ಸರ್ ಮಾಡುವ ಕಂಪನಿಗಳದ್ದೇ ಬೈಕಿಗೆ ಸರಿಯಾದ ನಂಬರಿನಲ್ಲಿ ಸಿಕ್ಕರೆ ಧೈರ್ಯವಾಗಿ ಹಾಕಿ. ವೈರ್ ಕತ್ತರಿಸಿ ಜೋಡಿಸುವ ‘ಎಲ್ಲಾ ಬೈಕಿಗೂ ಆಗುತ್ತೆ’ ಮಾಲು ನಮ್ಮ ಮಳೆಗೆ ಬೇಡವೇ ಬೇಡ.

ತ್ರೆಡ್ಡಿಗೆ ಆಂಟಿ-ಸೀಜ್ (ತ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ತೆಳ್ಳಗೆ ಸಾಕು, ತುದಿಗೆ ತಾಗಬಾರದು. ಹೊಸದಕ್ಕೆ ಮೊದಲೇ ಹಚ್ಚಿದ್ದರೆ ಮತ್ತೆ ಬೇಡ. ಹತ್ತಿರದಲ್ಲೆಲ್ಲೂ ಸಿಲಿಕೋನ್ ಗಮ್ ಬಳಸಬೇಡಿ, ಅದರ ಆವಿ ಸೆನ್ಸರನ್ನು ಕೊಲ್ಲುತ್ತದೆ. ವೈರನ್ನು ಬೆಂಡ್ ಪೈಪಿಗೆ ತಾಗದಂತೆ ಕಟ್ಟಿ. ಕಪ್ಲರಿಗೆ ಮುಂಚೆ ವೈರ್ ಸ್ವಲ್ಪ ಕೆಳಗೆ ಬಾಗಿರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.